ಇಲಿ ಕಡಿದ ಅಂಚೋ, ಕತ್ತರಿ ಹಾಕಿದ ಅಂಚೋ?

ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನಾಲ್ಕು ತಿಂಗಳು ನಾನು ಬೆಂಚು ಒರೆಸುವುದರಲ್ಲೇ ಕಳೆದೆ. ಆರ್‌ಎನ್‌ಎ ಎಂದರೆ ಜೀನಿನ ನಕಲಾಗಿ ಹುಟ್ಟುವ, ಅಕ್ಷರಗಳ ಸರಪಳಿಯಂಥ ಅಣು. ಅದರ ಜೊತೆ ಕೆಲಸ ಮಾಡಿದವರಿಗೆ ಈ ಸಂಕಟ ಗೊತ್ತು. ಬೆವರು, ಉಗುಳು, ಬೆರಳ ತುದಿ, ಬಾಗಿಲ ಹಿಡಿ, ಎಲ್ಲೆಂದರಲ್ಲಿ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳು ಕೂತಿರುತ್ತವೆ. ಕೆಲವಂತೂ ಕುದಿಸಿದರೂ ಸಾಯುವುದಿಲ್ಲ. ಹಾಗಾಗಿ ಆರ್‌ಎನ್‌ಎಯನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಸಣ್ಣ ತುಂಡು ಕಂಡರೆ ಮೊದಲು ಅನುಮಾನ ಬರುವುದು ಜೀವಕೋಶದ ಮೇಲಲ್ಲ, ನಮ್ಮ ಕೈ ಮೇಲೆ.

ನನ್ನ ಜೆಲ್‌ನಲ್ಲಿ ಕಂಡದ್ದು ತೆಳ್ಳನೆಯ ಒಂದು ಗೆರೆ. ಮೂಳೆ ಕ್ಯಾನ್ಸರಿನ ಯು2ಒಎಸ್ ಎಂಬ ಜೀವಕೋಶಗಳಿಗೆ ಅವನ್ನು ಸಂಕಟಕ್ಕೆ ಸಿಲುಕಿಸುವ ಸೋಡಿಯಂ ಆರ್ಸೆನೈಟ್ ಎಂಬ ವಿಷವನ್ನು 500 ಮೈಕ್ರೋಮೋಲಾರ್ ಹಾಕಿ ಎರಡು ಗಂಟೆ ಇಟ್ಟು, ಆರ್‌ಎನ್‌ಎ ತೆಗೆದು, ಯೂರಿಯಾ ಬೆರೆಸಿದ ಶೇಕಡಾ 15ರ ಜೆಲ್‌ನಲ್ಲಿ ಓಡಿಸಿದ್ದೆ. ಪಕ್ಕದ ಲೇನಿನಲ್ಲಿ, ಎಂದರೆ ಜೆಲ್‌ನ ಇನ್ನೊಂದು ಓಣಿಯಲ್ಲಿ, ಆರ್ಸೆನೈಟ್ ಹಾಕದ ಜೀವಕೋಶಗಳದ್ದು. ಮೇಲೆ ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎಗಳು, 5.8ಎಸ್, ಅದರ ಕೆಳಗೆ 5ಎಸ್. ಇನ್ನೂ ಕೆಳಗೆ 70ರಿಂದ 90 ಅಕ್ಷರಗಳ ನಡುವೆ, ಆ ಯಂತ್ರಕ್ಕೆ ಅಮಿನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎಗಳ ದಟ್ಟ ಗುಂಪು. ಅದರ ಕೆಳಗೆ ಖಾಲಿ ಇರಬೇಕಾದ ಜಾಗದಲ್ಲಿ, 30–40 ಅಕ್ಷರಗಳ ಮಟ್ಟದಲ್ಲಿ, ಒಂದು ಮಬ್ಬು ಗೆರೆ. ‘ಮತ್ತೆ ಕೆಡಿಸಿದೆ’ ಅಂದುಕೊಂಡೆ. ಕೈಗವಸು ಬದಲಿಸಿದೆ, ನೀರು ಬದಲಿಸಿದೆ, ಪಿಪೆಟ್ಟುಗಳನ್ನೆಲ್ಲ ಬಿಚ್ಚಿ ತೊಳೆದೆ. ಗೆರೆ ಮತ್ತೆ ಬಂತು. ಇದೇ ಆಟ ನಾಲ್ಕು ತಿಂಗಳು.

ಕೊನೆಗೆ ಕೇಳಬೇಕಾದ ಪ್ರಶ್ನೆ ಕೇಳಿದವರು ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಜೆಲ್ ಚಿತ್ರವನ್ನು ಕನ್ನಡಕದ ಮೇಲಿಂದ ನೋಡಿ, “ಅಲ್ಲಮ್ಮ, ನಿನ್ನ ಕೈ ಕೊಳೆಯಾಗಿದ್ರೆ ಎರಡೂ ಲೇನಲ್ಲಿ ಬರ್ಬೇಕಿತ್ತು. ಆರ್ಸೆನೈಟ್ ಹಾಕಿದ್ರಲ್ಲಿ ಮಾತ್ರ ಯಾಕಮ್ಮ ಬರುತ್ತೆ?” ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಮೊಂಡುತನಕ್ಕೆ ಒಂದು ಹಿನ್ನೆಲೆ ಇತ್ತು. ನಾನು ಸೇರಿದ್ದು ಮೈಕ್ರೋ ಆರ್‌ಎನ್‌ಎ, ಎಂದರೆ ಜೀನುಗಳನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ ತುಣುಕುಗಳ ಕೆಲಸಕ್ಕೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರ ಪ್ರಯೋಗಾಲಯಗಳು ಹುಳುವೊಂದರಲ್ಲಿ ಲಿನ್-4 ಎಂಬ 22 ಅಕ್ಷರದ ತುಣುಕು ಇನ್ನೊಂದು ಜೀನಿನ ಬಾಯಿ ಕಟ್ಟುತ್ತದೆ ಎಂದು ತೋರಿಸಿದವು. 2024ರ ನೊಬೆಲ್ ಬಂದದ್ದು ಅದಕ್ಕೇ. ಆ ತುಣುಕುಗಳು ತಯಾರಾಗುವ ದಾರಿ ನಮಗೆ ಬಾಯಿಪಾಠ: ಉದ್ದದ ಆರ್‌ಎನ್‌ಎಯನ್ನು ಕೋಶಕೇಂದ್ರದೊಳಗೆ ಡ್ರೋಷಾ ಎಂಬ ಕಿಣ್ವ ಕತ್ತರಿಸಬೇಕು, ಹೊರಗೆ ಡೈಸರ್ ಎಂಬ ಕಿಣ್ವ ಇನ್ನೊಮ್ಮೆ ಕತ್ತರಿಸಬೇಕು, ಆಮೇಲೆ ಆರ್ಗೊನಾಟ್ ಎಂಬ ಪ್ರೋಟೀನಿನ ಮಡಿಲಲ್ಲಿ ಕೂರಬೇಕು. ಈ ದಾರಿಯಲ್ಲಿ ಬಾರದ ಸಣ್ಣ ತುಂಡೆಲ್ಲ ನಮ್ಮ ಲೆಕ್ಕದಲ್ಲಿ ಕಸ. ಸೀಕ್ವೆನ್ಸಿಂಗ್ ದತ್ತಾಂಶ (ಯಂತ್ರ ಓದಿಕೊಟ್ಟ ಅಕ್ಷರಗಳ ಸಾಲುಗಳು, ಅಂದರೆ ರೀಡ್‌ಗಳು) ಬಂದರೆ ಮಾಡುವ ಮೊದಲ ಕೆಲಸವೇ ಟಿಆರ್‌ಎನ್‌ಎ, ರೈಬೋಸೋಮಿನ ಆರ್‌ಎನ್‌ಎ, ಸ್ನೋ ಆರ್‌ಎನ್‌ಎಗೆ ಹೊಂದುವ ರೀಡ್‌ಗಳನ್ನೆಲ್ಲ ತೆಗೆದು ಬಿಸಾಡುವುದು. ಆ ಸಾಲನ್ನು ನನ್ನ ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ. ಸಾರಣೆ ಮಾಡಿದ ಬೆಂಚಿನಷ್ಟೇ ಸ್ವಚ್ಛ ದತ್ತಾಂಶ ಬೇಕಿತ್ತಲ್ಲ!

ನಮ್ಮ ಮೇಡಂ ಒಂದು ಹಳೇ ಲೇಖನ ಕೈಗಿಟ್ಟರು, 2008ರದ್ದು. ಎಸಿಎ45 ಎಂಬ ಸ್ನೋ ಆರ್‌ಎನ್‌ಎಯ ಬಗ್ಗೆ. ಸ್ನೋ ಆರ್‌ಎನ್‌ಎಗಳ ಹುಟ್ಟುಕೆಲಸ ಕೋಶಕೇಂದ್ರದ ಒಳಗಿನ ನ್ಯೂಕ್ಲಿಯೋಲಸ್‌ನಲ್ಲಿ, ಬೇರೆ ಆರ್‌ಎನ್‌ಎಗಳ ಅಕ್ಷರಗಳನ್ನು ತಿದ್ದಲು ದಾರಿ ತೋರಿಸುವುದು. ಆದರೆ ಮನುಷ್ಯರ ಜೀವಕೋಶಗಳಲ್ಲಿ ಆರ್ಗೊನಾಟ್ ಹಿಡಿದು ಎಳೆದಾಗ ಅದರ ಜೊತೆ ಈ ಎಸಿಎ45ರ 20–25 ಅಕ್ಷರದ ತುಂಡುಗಳೂ ಬಂದವು. ಅವಕ್ಕೆ ಡೈಸರ್ ಬೇಕು, ಡ್ರೋಷಾ ಬೇಡ. ತುಂಡು ಬರೀ ಕೂತಿರಲಿಲ್ಲ, ಮೈಕ್ರೋ ಆರ್‌ಎನ್‌ಎಯ ಹಾಗೆ ಒಂದು ಜೀನನ್ನು ತಗ್ಗಿಸುತ್ತಲೂ ಇತ್ತು. ಅಂದರೆ ಒಂದು ಕೆಲಸಕ್ಕೆಂದು ಇದ್ದ ಆರ್‌ಎನ್‌ಎ ಇನ್ನೊಂದು ಕೆಲಸದ ಆರ್‌ಎನ್‌ಎಗೆ ತಾಯಿಯಾಗಿತ್ತು. “ನಿನ್ನ ಗೆರೆನ ಬಿಸಾಕೋ ಮುಂಚೆ ಅದು ಯಾರ ಮಗು ಅಂತ ನೋಡು” ಅಂದರು ಮೇಡಂ.

ಆ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮದು ಗದಗಿನ ಕಡೆ. ಅವ್ವ ಹಬ್ಬದ ಕೆಲಸ ಮುಗಿಸಿ ಕೌದಿ ಹೊಲಿಯಲು ಕೂತಿದ್ದಳು. ಟ್ರಂಕಿನಿಂದ ಹಳೇ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಲಂಗ ಎಲ್ಲ ಹೊರಗೆ ಬಿದ್ದಿದ್ದವು. ಆ ಟ್ರಂಕಿಗೆ ಇಲಿ ಹೊಕ್ಕಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಹಸಿರು ತುಂಡು ಎತ್ತಿ ಹೇಳಿದೆ: “ಇದು ಇಲಿ ಕಡದೈತಿ ಅವ್ವಾ, ಒಗದ ಬಿಡು.”

“ಯಾರ ಹೇಳಿದ್ರ ನಿನಗ? ಅಂಚ ನೋಡ. ಇಲಿ ಕಡದ್ರ ದಾರ ಜಗ್ಗಿರತಾವು, ಒಂದ ಕಡೆ ಹೆಚ್ಚ ಒಂದ ಕಡೆ ಕಡಿಮಿ. ಇದ ನಾ ಕತ್ತರಿ ಹಾಕಿದ್ದ. ಮೂಲಿಗೆ ಹಚ್ಚಾಕಂತ ಇಟ್ಟೇನಿ.”

ಅಲ್ಲೇ ಜ್ಞಾನೋದಯವಾಯಿತು ಅಂತ ಬರೆದರೆ ಸುಳ್ಳಾದೀತು. ಹೋಳಿಗೆ ತಿಂದು ಮಲಗಿದೆ. ಆದರೆ ಬೆಂಗಳೂರಿಗೆ ವಾಪಸಾದ ಮೇಲೆ ಕೆಲಸವನ್ನು ನಾನು ಜೋಡಿಸಿಕೊಂಡದ್ದು ‘ಅಂಚು’ ಎಂಬ ಆ ಒಂದು ಮಾತಿನ ಸುತ್ತಲೇ.

ಮೊದಲು ಮಾಡಿದ್ದು ಇಲಿ ಕಡಿತವನ್ನು ಬೇಕೆಂದೇ ತಯಾರಿಸುವ ಕೆಲಸ. ಆರ್ಸೆನೈಟ್ ಹಾಕದ ಜೀವಕೋಶಗಳ ಒಳ್ಳೇ ಆರ್‌ಎನ್‌ಎಯನ್ನು ಕ್ಷಾರದ ಬಫರಿನಲ್ಲಿ 95 ಡಿಗ್ರಿಯಲ್ಲಿ ಕೆಲವು ನಿಮಿಷ ಬೇಯಿಸಿದೆ. ಹಾಗೆ ಬೇಯಿಸಿದರೆ ಸರಪಳಿ ಎಲ್ಲೆಂದರಲ್ಲಿ ಒಡೆಯುತ್ತದೆ. ಅದನ್ನು ನನ್ನ ಗೆರೆಯ ಪಕ್ಕದ ಲೇನಿನಲ್ಲೇ ಓಡಿಸಿದೆ. ಬೇಯಿಸಿದ್ದು ಮೇಲಿನಿಂದ ಕೆಳಗಿನವರೆಗೂ ಒರೆಸಿದಂತೆ ಹರಡಿತು. ಆರ್ಸೆನೈಟಿನ ಲೇನಿನಲ್ಲಿ ಮಾತ್ರ ಗೆರೆ ಗೆರೆಯಾಗಿಯೇ ನಿಂತಿತ್ತು. ಟಿಆರ್‌ಎನ್‌ಎಗಳ ಕೆಳಗೆ, ಮೂವತ್ತು–ನಲವತ್ತರ ಮಟ್ಟ ಬಿಟ್ಟರೆ, ಬೇರೆಲ್ಲೂ ಏನಿಲ್ಲ. ಒಂದು ಮಧ್ಯಾಹ್ನದ ಕೆಲಸ ಇದು. ಮೊದಲ ವಾರವೇ ಮಾಡಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಸಣ್ಣ ಆರ್‌ಎನ್‌ಎ ಮುಟ್ಟುವ ಯಾರಾದರೂ ಈಗ ನನ್ನ ಬಳಿ ಬಂದರೆ ಮೊದಲು ಕೇಳುವುದು, ಬೇಯಿಸಿದ ಲೇನ್ ಎಲ್ಲಿ ಅಂತ.

ಎರಡನೆಯದು ನಾರ್ದರ್ನ್ ಬ್ಲಾಟ್, ಎಂದರೆ ಜೆಲ್‌ನ ಆರ್‌ಎನ್‌ಎಯನ್ನು ಪೊರೆಗೆ ಇಳಿಸಿ, ಬೇಕಾದ ಆರ್‌ಎನ್‌ಎಗೆ ಮಾತ್ರ ಅಂಟುವ ಪ್ರೋಬು ಹಾಕಿ ಹುಡುಕುವ ಹಳೇ ವಿಧಾನ. ಈ ಕಾಲದಲ್ಲೂ ನಾರ್ದರ್ನ್ ಮಾಡುವವರನ್ನು ಕಂಡರೆ ಪಕ್ಕದ ಲ್ಯಾಬಿನವರು ನಗುತ್ತಾರೆ. ನಗಲಿ. ಗಾತ್ರವನ್ನೂ ಗುರುತನ್ನೂ ಒಟ್ಟಿಗೆ ತೋರಿಸುವ ವಿಧಾನ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ನನ್ನ ಗೆರೆ ಟಿಆರ್‌ಎನ್‌ಎಯ ತುಂಡಿರಬಹುದು ಎಂಬ ಅನುಮಾನ ಇತ್ತು. ಪಿಸಿಆರ್ ಮಾಡಿದರೆ ಟಿಆರ್‌ಎನ್‌ಎಯ ಬಾಲದ ತುಂಡಿಗೂ ಇಡೀ ಟಿಆರ್‌ಎನ್‌ಎಗೂ ಬಾಲ ಒಂದೇ ಆದ್ದರಿಂದ ಯಾವುದನ್ನು ಅಳೆಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಬ್ಲಾಟಿನಲ್ಲಿ ಎರಡೂ ಬೇರೆ ಬೇರೆ ಎತ್ತರದಲ್ಲಿ ಕೂರುತ್ತವೆ. ವಿಕಿರಣದ ರಂಜಕ-32 ಅಂಟಿಸಿದ ಡಿಎನ್‌ಎ ತುಂಡೇ ನಮ್ಮ ಪ್ರೋಬು. ಅದರ ಅರ್ಧಾಯುಷ್ಯ 14.3 ದಿನ. ಐಸೋಟೋಪು ಬಂದ ವಾರ ಲ್ಯಾಬಿನಲ್ಲಿ ಮದುವೆ ಮನೆಯ ಗಡಿಬಿಡಿ, ತಡಮಾಡಿದಷ್ಟೂ ಅದು ಸೋರಿಹೋಗುತ್ತಿರುತ್ತದೆ.

ಇಲ್ಲಿ ಒಂದು ಕ್ಷಣ ಟಿಆರ್‌ಎನ್‌ಎಯ ಆಕಾರ ನೆನಪಿಸಿಕೊಳ್ಳಬೇಕು. 1965ರಲ್ಲಿ ರಾಬರ್ಟ್ ಹಾಲಿ ಯೀಸ್ಟಿನ ಅಲನೀನ್ ಟಿಆರ್‌ಎನ್‌ಎಯ ಅಕ್ಷರಗಳನ್ನು ಓದಿದರು. ಅದೇ ಅಣುವಿನ 77 ಜೋಡಿಯ ಜೀನನ್ನು ನಮ್ಮ ಹರಗೋಬಿಂದ ಖೊರಾನಾ ಮತ್ತವರ ತಂಡ 1970ರಲ್ಲಿ ರಸಾಯನಶಾಲೆಯಲ್ಲೇ ಕಟ್ಟಿದರು. ಕಾಗದದ ಮೇಲೆ ಬಿಡಿಸಿದರೆ ಅದು ಮೂರು ಕುಣಿಕೆಯ ಎಲೆ. ನಡುವಿನ ಕುಣಿಕೆಯಲ್ಲಿ ಆ್ಯಂಟಿಕೋಡಾನ್, ಎಂದರೆ ಸಂದೇಶ ಓದುವ ಮೂರು ಅಕ್ಷರ. ಸರಪಳಿ ಶುರುವಾಗುವ ತುದಿ ತಲೆ, ಮುಗಿಯುವ ತುದಿ ಬಾಲ. ಬಾಲದ ತುದಿಯಲ್ಲಿ ಸಿ-ಸಿ-ಎ ಎಂಬ ಮೂರು ಅಕ್ಷರ, ಅಮಿನೋ ಆಮ್ಲ ಕೂರುವ ಪೀಠ. ನಡುವಿನ ಕುಣಿಕೆಯಲ್ಲಿ ಕತ್ತರಿ ಆಡಿಸಿದರೆ ಹೆಚ್ಚುಕಡಿಮೆ ಸಮನಾದ ಎರಡು ಅರ್ಧ. 30–40 ಅಕ್ಷರದ ನನ್ನ ಗೆರೆಗೆ ಈ ಲೆಕ್ಕ ಕೂಡುತ್ತಿತ್ತು.

ಗ್ಲೈಸಿನ್ ಒಯ್ಯುವ ಟಿಆರ್‌ಎನ್‌ಎಗಳಲ್ಲಿ ಜಿಸಿಸಿ ಆ್ಯಂಟಿಕೋಡಾನ್ ಇರುವುದನ್ನು ಆರಿಸಿಕೊಂಡು ತಲೆಯ ಅರ್ಧಕ್ಕೊಂದು, ಬಾಲದ ಅರ್ಧಕ್ಕೊಂದು ಪ್ರೋಬು ಮಾಡಿಸಿದೆ. ತಲೆಯ ಪ್ರೋಬು ಹಾಕಿದ ಬ್ಲಾಟಿನಲ್ಲಿ ಇಡೀ ಟಿಆರ್‌ಎನ್‌ಎಯ ಕಪ್ಪು ಪಟ್ಟಿ, ಕೆಳಗೆ ಆರ್ಸೆನೈಟಿನ ಲೇನಿನಲ್ಲಿ ಅರ್ಧದ ಗೆರೆ. ಕುಣಿಯುವುದೊಂದು ಬಾಕಿ. ಬಾಲದ ಪ್ರೋಬು ಹಾಕಿದರೆ ಅರ್ಧವೇ ಇಲ್ಲ! ಒಂದು ಸೌತೆಕಾಯಿಯನ್ನು ಎರಡು ಹೋಳು ಮಾಡಿದ ಮೇಲೆ ಒಂದೇ ಹೋಳು ಸಿಕ್ಕರೆ ಇನ್ನೊಂದು ಎಲ್ಲಿಗೆ ಹೋಯಿತು? ಬಾಲದ ಅರ್ಧ ಬೇಗ ಕರಗಿಹೋಗುತ್ತದೆ ಅಂತ ಒಂದು ಸಿದ್ಧಾಂತ ಕಟ್ಟಿ ಲ್ಯಾಬ್ ಮೀಟಿಂಗಿನಲ್ಲಿ ಎರಡು ಸ್ಲೈಡೂ ತೋರಿಸಿಬಿಟ್ಟೆ.

ತಪ್ಪು ಇದ್ದದ್ದು ಅಂಟಿನಲ್ಲಿ. ಜೆಲ್‌ನಿಂದ ನೈಲಾನ್ ಪೊರೆಗೆ ಇಳಿಸಿದ ಆರ್‌ಎನ್‌ಎಯನ್ನು ಅಲ್ಲೇ ಕಚ್ಚಿಕೊಳ್ಳುವ ಹಾಗೆ ಮಾಡಬೇಕು. ಮೈಕ್ರೋ ಆರ್‌ಎನ್‌ಎ ಕೆಲಸದವರು ಅದಕ್ಕೆ ಇಡಿಸಿ ಎಂಬ ರಾಸಾಯನಿಕ ಬಳಸುತ್ತಾರೆ, ನಾನೂ ಅದನ್ನೇ ಬಳಸಿದ್ದೆ. ಇಡಿಸಿ ಹಿಡಿದುಕೊಳ್ಳುವುದು ಆರ್‌ಎನ್‌ಎಯ ತಲೆಯ ತುದಿಯಲ್ಲಿರುವ ಫಾಸ್ಫೇಟನ್ನು. ಡೈಸರ್ ಕತ್ತರಿಸಿದ ತುಂಡಿಗೆ ಆ ಫಾಸ್ಫೇಟ್ ಇರುತ್ತದೆ, ಟಿಆರ್‌ಎನ್‌ಎಯ ಮೂಲ ತಲೆಗೂ ಇರುತ್ತದೆ. ಆದರೆ ನಡುವಿನ ಕುಣಿಕೆಯಲ್ಲಿ ಆದ ಕಡಿತದಲ್ಲಿ ಬಾಲದ ಅರ್ಧದ ಹೊಸ ತಲೆಗೆ ಫಾಸ್ಫೇಟ್ ಇರಲಿಲ್ಲ, ಬರೀ ಹೈಡ್ರಾಕ್ಸಿಲ್. ಹಿಡಿಯಲು ಜುಟ್ಟೇ ಇಲ್ಲದ ತುಂಡು ತೊಳೆಯುವಾಗ ನೀರಿನ ಜೊತೆ ಹರಿದುಹೋಗಿತ್ತು. ಅದೇ ಮಾದರಿಯನ್ನು ಇಡಿಸಿ ಬಿಟ್ಟು ಅತಿನೇರಳೆ ಬೆಳಕಿನಿಂದ ಅಂಟಿಸಿದಾಗ ಬಾಲದ ಅರ್ಧ ತಾನಾಗಿ ಕಾಣಿಸಿತು. ಆ ಎರಡು ಸ್ಲೈಡು ವಾಪಸು ತಗೊಂಡೆ. ಮುಖ ಕೆಂಪಾಯಿತು ನಿಜ, ಆದರೆ ಅಂಚಿನ ಬಗ್ಗೆ ಮೊದಲ ಸುಳಿವು ಸಿಕ್ಕಿದ್ದು ಈ ಎಡವಟ್ಟಿನಿಂದಲೇ. ಕತ್ತರಿ ಹಾಕಿದ್ದು ಡೈಸರ್ ಅಲ್ಲ.

ಇನ್ನೊಂದು ಸಂಗತಿಯನ್ನೂ ಆ ಬ್ಲಾಟು ಹೇಳಿತು. ಅರ್ಧಗಳು ಹುಟ್ಟಿದರೂ ಮೇಲಿನ ಇಡೀ ಟಿಆರ್‌ಎನ್‌ಎಯ ಪಟ್ಟಿ ತೆಳ್ಳಗಾಗಿರಲಿಲ್ಲ. ತುಂಡಾದದ್ದು ಬಹಳ ಸಣ್ಣ ಪಾಲು. ಟಿಆರ್‌ಎನ್‌ಎ ಖಾಲಿ ಮಾಡಿ ಪ್ರೋಟೀನು ತಯಾರಿಕೆ ನಿಲ್ಲಿಸುವುದು ಜೀವಕೋಶದ ಉದ್ದೇಶವಾಗಿದ್ದರೆ ಇಷ್ಟು ಸಾಲದು. ಪರಿಣಾಮವೇನಾದರೂ ಇದ್ದರೆ ಅದು ತುಂಡಿನದ್ದೇ ಇರಬೇಕು.

ಸೀಕ್ವೆನ್ಸಿಂಗಿನ ಕಥೆ ಇನ್ನೂ ಫಜೀತಿಯದು. ಅದಕ್ಕೂ ಮೊದಲೇ ಒಂದು ಸಲ, ಗಡಿಬಿಡಿಯಲ್ಲಿ ಮಾಮೂಲಿ ಕಾಲಮ್ ಕಿಟ್ಟಿನಲ್ಲಿ ಆರ್‌ಎನ್‌ಎ ತೆಗೆದು, 200 ಅಕ್ಷರಕ್ಕಿಂತ ಸಣ್ಣದ್ದನ್ನೆಲ್ಲ ಚರಂಡಿಗೆ ಬಿಟ್ಟಿದ್ದೆ. ಅದನ್ನು ಹೆಚ್ಚು ಹೇಳುವುದಿಲ್ಲ, ಎಲ್ಲರೂ ಒಮ್ಮೆ ಮಾಡುವ ತಪ್ಪು.

ಸಣ್ಣ ಆರ್‌ಎನ್‌ಎ ಓದಿಸಬೇಕಾದರೆ ಅದರ ಎರಡೂ ತುದಿಗೆ ಅಡಾಪ್ಟರ್ ಎಂಬ ಗೊತ್ತಿರುವ ತುಂಡು ಅಂಟಿಸಬೇಕು. ಕಿಟ್ಟುಗಳೆಲ್ಲ ತಯಾರಾಗಿರುವುದು ಡೈಸರ್ ಅಂಚಿನ ತುಂಡುಗಳಿಗೆ: ತಲೆಯಲ್ಲಿ ಫಾಸ್ಫೇಟ್, ಬಾಲದಲ್ಲಿ ಹೈಡ್ರಾಕ್ಸಿಲ್. ನನ್ನ ಅರ್ಧಗಳದ್ದು ತದ್ವಿರುದ್ಧ. ತಲೆಯ ಅರ್ಧದ ಕಡಿದ ತುದಿಯಲ್ಲಿ ಫಾಸ್ಫೇಟೊಂದು ಉಂಗುರದಂತೆ ಬಾಗಿ ಕೂತಿರುತ್ತದೆ, ಅಲ್ಲಿ ಅಡಾಪ್ಟರ್ ಅಂಟದು. ಬಾಲದ ಅರ್ಧಕ್ಕೆ ಕಡಿದ ತುದಿಯಲ್ಲಿ ಫಾಸ್ಫೇಟೇ ಇಲ್ಲ, ಅಲ್ಲೂ ಅಂಟದು. ಮೇಲಾಗಿ ಅದರ ಸಿ-ಸಿ-ಎ ತುದಿಯಲ್ಲಿ ಅಮಿನೋ ಆಮ್ಲ ಇನ್ನೂ ಅಂಟಿಕೊಂಡಿದ್ದರೆ ಆ ಬಾಗಿಲೂ ಬಂದ್. ಹೀಗಾಗಿ ಜೆಲ್‌ನಲ್ಲಿ ಕಣ್ಣಿಗೆ ಕಾಣುವ ತುಂಡು ಮೊದಲ ದತ್ತಾಂಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇತ್ತು.

ಕೊನೆಗೆ ಕೈಹಿಡಿದ ಕ್ರಮ ಇದು. ಮೊದಲು ಟ್ರಿಸ್ ಬಫರ್, ಪಿಎಚ್ 9, 37 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟು ಅಮಿನೋ ಆಮ್ಲ ಕಳಚುವುದು. ಆಮೇಲೆ ಟಿ4 ಪಿಎನ್‌ಕೆ ಕಿಣ್ವ, ಫಾಸ್ಫೇಟ್ ಒದಗಿಸುವ ಎಟಿಪಿ ಇಲ್ಲದೆ. ಆಗ ಅದು ಉಂಗುರದ ಫಾಸ್ಫೇಟನ್ನು ಕಿತ್ತು ಹೈಡ್ರಾಕ್ಸಿಲ್ ಉಳಿಸುತ್ತದೆ. ಆಮೇಲೆ ಅದಕ್ಕೇ ಎಟಿಪಿ ಹಾಕಿದರೆ ಬೋಳು ತಲೆಗೆ ಫಾಸ್ಫೇಟ್ ಕೂರಿಸುತ್ತದೆ. ಪ್ರೋಬಿಗೆ ವಿಕಿರಣ ಅಂಟಿಸಲು ವರ್ಷಗಟ್ಟಲೆ ಬಳಸಿದ ಅದೇ ಕಿಣ್ವ ಫ್ರೀಜರಿನಲ್ಲೇ ಇತ್ತು! ಎಲ್ಲಕ್ಕಿಂತ ಮುಖ್ಯ, ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಪಿಎನ್‌ಕೆ ಹಾಕಿ ಇನ್ನೊಂದಕ್ಕೆ ಹಾಕದೆ, ಎರಡನ್ನೂ ಓದಿಸುವುದು. ಹಾಕಿದ್ದರಲ್ಲಿ ಮಾತ್ರ ಕಾಣುವ ತುಂಡಿನ ಅಂಚು ಎಂಥದ್ದೆಂದು ಅದರಿಂದಲೇ ಗೊತ್ತಾಗುತ್ತದೆ.

ಆಮೇಲೂ ಒಂದು ಗಂಟು ಉಳಿದಿತ್ತು. ಟಿಆರ್‌ಎನ್‌ಎಯ ಅಕ್ಷರಗಳಿಗೆ ಮೀಥೈಲಿನ ಮೊಗ್ಗುಗಳು ಅಂಟಿರುತ್ತವೆ. 58ನೆಯ ಜಾಗದ ಎ ಅಕ್ಷರಕ್ಕೆ ಇರುವ ಮೀಥೈಲ್ ಎದುರಾದರೆ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡುವ ಕಿಣ್ವ ಎಡವಿ ನಿಲ್ಲುತ್ತದೆ. ಬಾಲದ ಕಡೆಯಿಂದ ಬರುವ ಸಣ್ಣ ತುಂಡುಗಳಲ್ಲಿ 18 ಅಕ್ಷರದವು ಈ ಜಾಗದ ಈಚೆಗೇ ಮುಗಿಯುತ್ತವೆ, 22 ಅಕ್ಷರದವು ಅದನ್ನು ಒಳಗೊಂಡಿರುತ್ತವೆ. ಹಾಗಾಗಿ 18ರದ್ದು ಧಾರಾಳವಾಗಿ ಕಾಣುತ್ತದೆ, 22ರದ್ದು ಬಡಪಾಯಿಯಂತೆ ಕಾಣುತ್ತದೆ, ನಿಜದ ಲೆಕ್ಕ ಬೇರೆಯೇ ಇರಬಹುದು. ಬ್ಯಾಕ್ಟೀರಿಯಾದ ಆಲ್ಕ್‌ಬಿ ಎಂಬ ಕಿಣ್ವದಿಂದ ಮೀಥೈಲ್ ಸವರಿ ತೆಗೆದು ಓದಿಸುವ ಉಪಾಯವನ್ನು 2015ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಪ್ರಕಟಿಸಿದ್ದವು. ನಾವು ಆ ಕಿಣ್ವವನ್ನು ಪರಿಚಯದವರಿಂದ ಸಾಲ ತಂದೆವು.

ಕಂಪ್ಯೂಟರಿನ ಮುಂದೆ ಕೂತಾಗ ಆದದ್ದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ರೀಡ್‌ಗಳನ್ನು ಮನುಷ್ಯನ ಜೀನೋಮಿಗೆ ಹೊಂದಿಸಿದಾಗ ಬಾಲದ ತುಂಡುಗಳು ಮತ್ತೆ ಕಾಣೆ. ಅಷ್ಟೊತ್ತಿಗೆ ನನಗೂ ಸ್ವಲ್ಪ ಬುದ್ಧಿ ಬಂದಿತ್ತು. ‘ಎಲ್ಲಿಯೂ ಹೊಂದದ ರೀಡ್‌ಗಳು’ ಅಂತ ಪ್ರೋಗ್ರಾಮು ಪಕ್ಕಕ್ಕೆ ಸರಿಸುವ ಫೈಲನ್ನು ತೆರೆದು, ರಾತ್ರಿ ಹನ್ನೊಂದಕ್ಕೆ ಸುಮ್ಮನೆ ಕಣ್ಣಾಡಿಸುತ್ತಾ ಹೋದೆ. ಸಾಲು ಸಾಲಾಗಿ ರೀಡ್‌ಗಳ ಬಾಲದಲ್ಲಿ ಸಿ-ಸಿ-ಎ, ಸಿ-ಸಿ-ಎ, ಸಿ-ಸಿ-ಎ. ಮನುಷ್ಯನಲ್ಲಿ ಈ ಮೂರು ಅಕ್ಷರ ಜೀನಿನಲ್ಲಿ ಬರೆದಿರುವುದೇ ಇಲ್ಲ, ಟಿಆರ್‌ಎನ್‌ಎ ತಯಾರಾದ ಮೇಲೆ ಒಂದು ಕಿಣ್ವ ಬಂದು ಹಚ್ಚುತ್ತದೆ. ಜೀನೋಮಿನಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? 18 ಅಕ್ಷರದ ತುಂಡಿನಲ್ಲಿ ಮೂರು ಅಕ್ಷರ ಹೊಂದದಿದ್ದರೆ ಪ್ರೋಗ್ರಾಮು ಅದನ್ನು ತಿರಸ್ಕರಿಸದೆ ಇನ್ನೇನು ಮಾಡೀತು? ಆ ರಾತ್ರಿಯೇ ಪಕ್ವ ಟಿಆರ್‌ಎನ್‌ಎಗಳ ಪಟ್ಟಿ ಮಾಡಿ, ಪ್ರತಿಯೊಂದರ ಬಾಲಕ್ಕೂ ಸಿ-ಸಿ-ಎ ಸೇರಿಸಿ, ಮೊದಲು ಅದಕ್ಕೆ ಹೊಂದಿಸಿ ಆಮೇಲೆ ಜೀನೋಮಿಗೆ ಹೊಂದಿಸುವ ಹಾಗೆ ಬದಲಿಸಿದೆ. ಒಂದೇ ಅನುಕ್ರಮದ ಟಿಆರ್‌ಎನ್‌ಎ ಜೀನು ಜೀನೋಮಿನಲ್ಲಿ ಹಲವು ಕಡೆ ಇರುವುದರಿಂದ ‘ಒಂದೇ ಕಡೆ ಹೊಂದಿದ್ದು ಮಾತ್ರ ಸಾಕು’ ಎಂಬ ಹಳೆಯ ನಿಯಮವನ್ನೂ ಕಿತ್ತೆ. ಬೆಳಗಿನ ಜಾವ ಹೊರಗೆ ಬಂದಾಗ ಕ್ಯಾಂಟೀನಿನವರು ಇಡ್ಲಿ ಸ್ಟ್ಯಾಂಡು ಇಳಿಸುತ್ತಿದ್ದರು.

ಸಿಕ್ಕಿದ 18 ಅಕ್ಷರದ ತುಂಡುಗಳಲ್ಲಿ ಒಂದಕ್ಕೆ ಆಗಲೇ ಹೆಸರಿತ್ತು, ಅದೂ ಮೈಕ್ರೋ ಆರ್‌ಎನ್‌ಎ ಅಂತ. ಮೈಕ್ರೋ ಆರ್‌ಎನ್‌ಎಗಳ ಅಧಿಕೃತ ಪಟ್ಟಿಯಲ್ಲಿ 1274ಬಿ ಎಂದು ಬಹಳ ದಿನ ಇದ್ದದ್ದು ಅಸಲಿಗೆ ಲೈಸಿನ್ ಟಿಆರ್‌ಎನ್‌ಎಯ ಬಾಲ. 720 ಎಂಬುದೂ ಟಿಆರ್‌ಎನ್‌ಎಯ ಮಗುವೇ. 2010ರಲ್ಲಿ ಒಂದು ಗುಂಪು ಈ ಅದಲುಬದಲನ್ನು ತೋರಿಸಿತು, ಆಮೇಲೆ ಆ ಹೆಸರುಗಳು ಪಟ್ಟಿಯಿಂದ ಹೊರಬಿದ್ದವು. ಅಷ್ಟರೊಳಗೆ ರೋಗದ ಗುರುತು ಅಂತ ಅವುಗಳ ಮೇಲೆ ಪ್ರಬಂಧಗಳು ಬಂದುಬಿಟ್ಟಿದ್ದವು. ಅವನ್ನು ಪೂರ್ತಿ ತಳ್ಳಿಹಾಕುವವಳು ನಾನಲ್ಲ, ಅಳತೆ ನಿಜವೇ ಇರಬಹುದು. ಕುಲಗೋತ್ರ ಮಾತ್ರ ಬೇರೆ.

ಈಗ ಕತ್ತರಿ ಯಾರದು ಎಂಬ ಪ್ರಶ್ನೆ. 2009ರಲ್ಲಿ ಬಾಸ್ಟನ್ನಿನ ಪಾಲ್ ಆಂಡರ್ಸನ್ ಅವರ ಗುಂಪು ಯು2ಒಎಸ್ ಜೀವಕೋಶಗಳಲ್ಲೇ ಆಂಜಿಯೊಜೆನಿನ್ ಎಂಬ ಕಿಣ್ವದ ಕೈವಾಡ ತೋರಿಸಿತ್ತು. 1985ರಲ್ಲಿ ಈ ಪ್ರೋಟೀನನ್ನು ಮೊದಲು ಹೆಕ್ಕಿದ್ದು ಕರುಳಿನ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸಿದ ದ್ರವದಿಂದ, ಅದೂ ಹೊಸ ರಕ್ತನಾಳ ಬೆಳೆಸುವ ಶಕ್ತಿ ಇದೆ ಅಂತ. ಆಮೇಲೆ ನೋಡಿದರೆ ಅದು ಆರ್‌ಎನ್‌ಎ ಕತ್ತರಿಸುವ ಮನೆತನಕ್ಕೆ ಸೇರಿದ್ದು, ನಾನು ಬೆಂಚಿನ ಮೇಲೆ ಹೆದರುತ್ತಿದ್ದ ಕಿಣ್ವದ ದಾಯಾದಿಯೇ! ಮಾಮೂಲಿ ದಿನಗಳಲ್ಲಿ ಜೀವಕೋಶದೊಳಗೆ ಒಂದು ತಡೆಪ್ರೋಟೀನು ಅದನ್ನು ಬಿಗಿಯಾಗಿ ಅಪ್ಪಿ ಹಿಡಿದಿರುತ್ತದೆ, ಸಂಕಟ ಬಂದಾಗ ಹಿಡಿತ ಸಡಿಲಾಗುತ್ತದೆ. ಆರ್ಸೆನೈಟ್ ಹಾಕದೆ ಬರೀ ಆಂಜಿಯೊಜೆನಿನ್ ಬೆರೆಸಿದ ತಟ್ಟೆಯಲ್ಲೂ ನನಗೆ ಅದೇ ಗೆರೆ ಬಂತು. ಕೇಸು ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. 2019ರಲ್ಲಿ ಅನಿಂದ್ಯ ದತ್ತಾ ಅವರ ಗುಂಪು ಆಂಜಿಯೊಜೆನಿನ್ ಜೀನನ್ನೇ ಕಿತ್ತುಹಾಕಿದ ಜೀವಕೋಶಗಳಲ್ಲಿ ಕೆಲವೇ ಟಿಆರ್‌ಎನ್‌ಎ ಅರ್ಧಗಳು ಕಡಿಮೆಯಾಗಿ ಉಳಿದವು ಹಾಗೇ ಹುಟ್ಟುತ್ತವೆ ಎಂದು ತೋರಿಸಿತು. ಒಂದೇ ಮನೆಯಲ್ಲಿ ನಾಲ್ಕಾರು ಕತ್ತರಿ ಇರುತ್ತವೆ. ಒಂದನ್ನು ಕೈಗೆ ಕೊಟ್ಟರೆ ಅದು ಕತ್ತರಿಸುತ್ತದೆ ಅಂದಮಾತ್ರಕ್ಕೆ ಈ ಬಟ್ಟೆಯನ್ನು ಕತ್ತರಿಸಿದ್ದು ಅದೇ ಅಂತಾಗುವುದಿಲ್ಲ. ನನ್ನ ಥೀಸಿಸ್ಸಿನ ಆ ಅಧ್ಯಾಯದ ತಲೆಬರಹವನ್ನು ಬದಲಿಸಬೇಕಾಯಿತು.

ಅವ್ವನ ಸೂತ್ರ ಅರ್ಧಕ್ಕೆ ಕೈಕೊಟ್ಟದ್ದೂ ಇಲ್ಲೇ. ಉಂಗುರದ ಫಾಸ್ಫೇಟ್ ಇರುವ ಅಂಚು ಆಂಜಿಯೊಜೆನಿನ್ ಬಿಡುವಂಥ ಅಂಚೇ ನಿಜ, ಆದರೆ ಕ್ಷಾರದಲ್ಲಿ ಬೇಯಿಸಿ ಒಡೆದ ಆರ್‌ಎನ್‌ಎಗೂ ಇರುವುದು ಅದೇ ಅಂಚು! ಅಂದರೆ ಇಲಿಗೂ ಈ ಕತ್ತರಿಗೂ ರಸಾಯನದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಜಾಗದಲ್ಲಿ. ಬೇಯಿಸಿದ್ದು ಎಲ್ಲ ಕಡೆ ಒಡೆಯುತ್ತದೆ. ಇದು ಮಾತ್ರ ಸಾವಿರಾರು ರೀಡ್‌ಗಳಲ್ಲೂ ಆ್ಯಂಟಿಕೋಡಾನ್ ಕುಣಿಕೆಯ ಅದೇ ಒಂದೆರಡು ಅಕ್ಷರಗಳ ನಡುವೆ ಕಡಿದಿತ್ತು. ಅಂಚು ಎಂಥದ್ದು ಎಂಬುದು ‘ಡೈಸರ್ ಅಲ್ಲ’ ಅಂದಿತು. ಅಂಚು ಎಲ್ಲಿದೆ ಎಂಬುದು ‘ಆಕಸ್ಮಿಕ ಅಲ್ಲ’ ಅಂದಿತು. ಎರಡನ್ನೂ ಬೇರೆ ಬೇರೆ ಕೇಳಬೇಕು.

ಇಷ್ಟಾದ ಮೇಲೂ ದೊಡ್ಡ ಪ್ರಶ್ನೆ ಬಾಕಿ: ತುಂಡು ಏನಾದರೂ ಮಾಡುತ್ತದೆಯೇ? ತಲೆಯ ಅರ್ಧವನ್ನು ರಾಸಾಯನಿಕವಾಗಿ ತಯಾರಿಸಿ ತರಿಸಿ ಜೀವಕೋಶಗಳ ಒಳಗೆ ಕಳಿಸಿದೆ. ಪ್ರೋಟೀನು ತಯಾರಿಕೆ ಇಳಿಯಬೇಕು ಎಂಬ ನಿರೀಕ್ಷೆ. ಏನೂ ಇಳಿಯಲಿಲ್ಲ. ಮೂರು ಸಲ ಮಾಡಿದರೂ ಅಷ್ಟೇ. 2011ರ ಇನ್ನೊಂದು ಲೇಖನ ಓದಿದ ಮೇಲೆ ಕಾರಣ ತಿಳಿಯಿತು. ಆಂಡರ್ಸನ್ ಗುಂಪಿನ ಪಾವೆಲ್ ಇವಾನೊವ್ ತೋರಿಸಿದ್ದ ಪ್ರಕಾರ ಪ್ರೋಟೀನು ತಯಾರಿಕೆ ತಡೆಯುವುದು ಅಲನೀನ್ ಮತ್ತು ಸಿಸ್ಟೀನ್ ಟಿಆರ್‌ಎನ್‌ಎಗಳ ತಲೆಯ ಅರ್ಧ. ಅವುಗಳ ಮೊದಲಲ್ಲೇ ಸಾಲಾಗಿ ನಾಲ್ಕೈದು ಜಿ ಅಕ್ಷರ. ಆ ಜಿಗಳ ಬಲದಿಂದ ಅವು ಪ್ರೋಟೀನಿನ ಸಂದೇಶ ಒಯ್ಯುವ ಆರ್‌ಎನ್‌ಎಯ ತಲೆಯ ತುದಿಯಲ್ಲಿರುವ ಟೊಪ್ಪಿಗೆಯ ಮೇಲೆ ಕೂತ ಪ್ರೋಟೀನುಗಳನ್ನು ತಳ್ಳಿಹಾಕುತ್ತವೆ, ರೈಬೋಸೋಮ್ ಹತ್ತಲಾರದೆ ನಿಲ್ಲುತ್ತದೆ. ನನ್ನ ಗ್ಲೈಸಿನ್ ಅರ್ಧಕ್ಕೆ ಆ ಸಾಲು ಇಲ್ಲ. ಗಾತ್ರ ಒಂದೇ, ಕತ್ತರಿ ಒಂದೇ, ಹೊತ್ತು ಒಂದೇ, ಆದರೂ ಕೆಲಸ ಒಂದೇ ಅಲ್ಲ. ಅಲನೀನ್ ಅರ್ಧ ತರಿಸಿ ಹಾಕಿದಾಗ ತಯಾರಿಕೆ ಇಳಿಯಿತು. ಪ್ರಯೋಗ ಸರಿಯಾಗಿತ್ತು, ನಾನು ಆರಿಸಿದ ಮಗು ಬೇರೆ ಸ್ವಭಾವದ್ದು.

ಮೌಖಿಕ ಪರೀಕ್ಷೆಯಲ್ಲಿ ಇದನ್ನೇ ಹಿಡಿದು ಎಳೆದರು. “ಕೆಲಸ ಮಾಡದ ತುಂಡಿನ ಮೇಲೆ ಐದು ವರ್ಷವಾ?” ಅಂತ. ಗ್ಲೈಸಿನ್ ಅರ್ಧಕ್ಕೆ ಕೆಲಸವೇ ಇಲ್ಲ ಅನ್ನಲು ನನ್ನ ಹತ್ತಿರ ಆಧಾರವಿಲ್ಲ, ನಾನು ಕೇಳಿದ ಕೆಲಸ ಅದು ಮಾಡಲಿಲ್ಲ ಅಷ್ಟೇ ಎಂದೆ. ಸುಮ್ಮನೆ ಹೇಳಿದ್ದಲ್ಲ. 2016ರಲ್ಲಿ ಅಮೆರಿಕ ಮತ್ತು ಚೀನಾದ ಎರಡು ಗುಂಪುಗಳು ಗಂಡು ಇಲಿಗಳ ಆಹಾರ ಬದಲಿಸಿದರೆ ವೀರ್ಯಾಣುವಿನಲ್ಲಿ ಟಿಆರ್‌ಎನ್‌ಎ ತುಂಡುಗಳ ಪ್ರಮಾಣ ಬದಲಾಗುತ್ತದೆ, ಅದರ ಛಾಯೆ ಮರಿಗಳವರೆಗೂ ಹೋಗುತ್ತದೆ ಎಂದು ಬರೆದವು. ಅಲ್ಲಿ ಎದ್ದು ಕಂಡ ತುಂಡುಗಳಲ್ಲಿ ಗ್ಲೈಸಿನ್ ಜಿಸಿಸಿಯ ತಲೆಯ ಅರ್ಧವೂ ಒಂದು. ಕೌದಿಯ ಟ್ರಂಕಿನ ಇಲಿ ಹೀಗೆ ಥೀಸಿಸ್ಸಿಗೂ ಬಂತು ಅಂತ ಆಮೇಲೆ ನಕ್ಕೆವು. 2017ರಲ್ಲಿ ಲ್ಯೂಸಿನ್ ಟಿಆರ್‌ಎನ್‌ಎಯ ಬಾಲದ 22 ಅಕ್ಷರದ ತುಂಡೊಂದು ರೈಬೋಸೋಮಿನ ಪ್ರೋಟೀನೊಂದರ ತಯಾರಿಕೆಗೆ ಒತ್ತಾಸೆಯಾಗಿ ನಿಲ್ಲುತ್ತದೆ ಎಂಬ ವರದಿ ಬಂತು. ಎಲ್ಲ ತುಂಡೂ ಬಾಯಿ ಕಟ್ಟುವುದಿಲ್ಲ, ಕೆಲವು ಬಾಯಿ ಬಿಡಿಸುತ್ತವೆ.

ಈ ಕ್ಷೇತ್ರದ ಬಗ್ಗೆ ನನ್ನದೊಂದು ತಕರಾರಿದೆ. ದತ್ತಾಂಶದಲ್ಲಿ ತುಂಡು ಕಂಡ ಕೂಡಲೇ ಮೈಕ್ರೋ ಆರ್‌ಎನ್‌ಎಯ ಅಂಗಿ ತೊಡಿಸಿ, ಕಂಪ್ಯೂಟರಿನಲ್ಲಿ ‘ಗುರಿ ಜೀನು’ಗಳ ಪಟ್ಟಿ ಹೊರಡಿಸಿ ಪ್ರಬಂಧ ಮುಗಿಸುವವರು ಬಹಳ. ಆರ್ಗೊನಾಟ್ ಜೊತೆ ಬರುತ್ತದೆಯೇ ನೋಡಿ, ಡೈಸರ್ ಇಲ್ಲದ ಜೀವಕೋಶಗಳಲ್ಲಿ ಉಳಿಯುತ್ತದೆಯೇ ನೋಡಿ. ಟಿಆರ್‌ಎನ್‌ಎ ತುಂಡುಗಳಲ್ಲಿ ಬಹುಪಾಲು ಡೈಸರ್ ಇಲ್ಲದಿದ್ದರೂ ಹುಟ್ಟುತ್ತವೆ. ಅರ್ಧಗಳಂತೂ ಆರ್ಗೊನಾಟಿನ ಮಡಿಲಿಗೆ ಉದ್ದವೇ ಹೆಚ್ಚು. ಕಸ ಎಂದು ಎಸೆದದ್ದು ಒಂದು ತಪ್ಪು, ಸಿಕ್ಕಿದ್ದನ್ನೆಲ್ಲ ಚಿನ್ನ ಅನ್ನುವುದು ಅದರ ಅಣ್ಣ.

ಈಗ ನನ್ನ ಜೊತೆಗಿರುವ ವಿದ್ಯಾರ್ಥಿನಿ ರಕ್ತದ ಪ್ಲಾಸ್ಮಾದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಅಲ್ಲಿ ವೈ ಆರ್‌ಎನ್‌ಎ ಎಂಬ ಇನ್ನೊಂದು ಮನೆತನದ ತುಂಡುಗಳು, ಮೂವತ್ತು ಚಿಲ್ಲರೆ ಅಕ್ಷರದವು, ತುಂಬಿ ತುಳುಕುತ್ತವೆ. ಮನುಷ್ಯರಲ್ಲಿ ವೈ ಆರ್‌ಎನ್‌ಎಗಳು ಇರುವುದೇ ನಾಲ್ಕು ಬಗೆ, ಅವುಗಳಿಂದ ಇಷ್ಟೊಂದು ತುಂಡು ಹೊರಗೆ ಯಾಕೆ ಬರುತ್ತದೆ? ಮೊನ್ನೆ ಜೆಲ್ ಚಿತ್ರ ತಂದು ಮೇಜಿನ ಮೇಲಿಟ್ಟು, “ಮೇಡಂ, ರಕ್ತ ತೆಗೆದಿದ್ದು ಲೇಟಾಗಿ ಕೆಟ್ಟಿರ್ಬೇಕು, ಬಿಸಾಕ್ಲಾ?” ಅಂದಳು. ಬೇಯಿಸಿದ ಲೇನ್ ಎಲ್ಲಿ ಅಂತ ಕೇಳಿದೆ. ಹಾಕಿರಲಿಲ್ಲ. ಟ್ಯೂಬನ್ನು ಮೈನಸ್ 80ಕ್ಕೆ ಇಡಿಸಿದ್ದೇನೆ. ಐಸೋಟೋಪು ಗುರುವಾರ ಬರುತ್ತದೆ.